ಬಟನ್ ಎಲ್ಲಿಗೆ ಹೋಯ್ತು ಮಾರಾಯ?

ಬೆಳಿಗ್ಗೆ ಒಂಬತ್ತೂಕಾಲಿಗೆ ಮಾವನ ಫೋನು. ಮಂಗಳೂರು ಬಂದರಲ್ಲಿ ಅವ್ರದ್ದು ಜೀನಸಿನ ಹೋಲ್‌ಸೇಲ್ ಅಂಗಡಿ, ಆ ಹೊತ್ತಿಗೆ ಅಲ್ಲಿ ಲಾರಿ, ಟೆಂಪೊ, ಹಮಾಲಿಗಳ ಗಲಾಟೆ, ಅದ್ರ ಮಧ್ಯೆ ಮಾವ ಬೊಬ್ಬೆ ಹೊಡೀತಾ ಇದ್ದಾರೆ. "ಬಿಲ್ಲಿಂಗಲ್ಲಿ ಆ ಬಟನ್ ಇಲ್ಲ ಮಾರಾಯ, ಹಳೇ ಬಿಲ್ಲನ್ನೇ ಪುನಃ ತೆಗೀಲಿಕ್ಕೆ ಒಂದು ಹಸಿರು ಬಟನ್ ಇತ್ತಲ್ಲ, ಅದು. ನಿನ್ನೆ ರಾತ್ರಿ ಶಟರ್ ಎಳೆಯುವಾಗ ಇತ್ತು."

"ಅಪ್‌ಡೇಟ್ ಆಗಿರ್ಬೇಕು ಮಾವ, ಅಲ್ಲೇ ಎಲ್ಲಿಯಾದ್ರೂ ಉಂಟಾ ನೋಡಿ" ಅಂದೆ.

"ಅಪ್‌ಡೇಟ್ ಮಾಡ್ಲಿಕ್ಕೆ ನಾನು ಹೇಳಿದ್ದೇನಾ? ಅಂಗಡಿ ನನ್ನದು, ತಿಂಗಳು ತಿಂಗಳು ದುಡ್ಡು ಕೊಡುವವ ನಾನು, ಬೀಗದ ಕೈ ನನ್ನ ಹತ್ರ. ರಾತ್ರಿ ಒಳಗೆ ಬಂದು ಬಟನ್ ತೆಗ್ದದ್ದು ಯಾರು?"

ನಾನು ಉಡುಪಿಯಲ್ಲಿ ಕೂತು ಇಂಥದ್ದೇ ವೆಬ್ ಸಾಫ್ಟ್‌ವೇರ್ ಮಾಡುವವ, ಇಪ್ಪತ್ತು ಚಿಲ್ಲರೆ ವರ್ಷ ಆಯ್ತು, ಆದ್ರೂ ಆ ಪ್ರಶ್ನೆಗೆ ಫೋನಲ್ಲಿ ಸರಿಯಾದ ಉತ್ತರ ಹೇಳ್ಲಿಕ್ಕೆ ಆಗ್ಲಿಲ್ಲ, ಯಾಕಂದ್ರೆ ಅದಕ್ಕೆ ಎರಡು ನಿಮಿಷದ ಉತ್ತರ ಇಲ್ಲ, ಸ್ವಲ್ಪ ಹಿಂದಿನಿಂದ ಹೇಳ್ಕೊಂಡು ಬರ್ಬೇಕು.

2000ನೇ ಇಸವಿ ಹೊತ್ತಿಗೆ ಮಾವನ ಅಂಗಡಿಗೆ ಮೊದಲ ಕಂಪ್ಯೂಟರ್ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್ ಅಂದ್ರೆ ಆಗ ಒಂದು ಡಬ್ಬಿ, ಒಳಗೆ ಸೀಡಿ, ಡಿಕ್ಷನರಿಯಷ್ಟು ದಪ್ಪದ ಮ್ಯಾನ್ಯುವಲ್, ಮತ್ತೆ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಬೆರಳುದ್ದದ ಡಾಂಗಲ್. ಡಾಂಗಲ್ ಇಲ್ಲದಿದ್ರೆ ಸಾಫ್ಟ್‌ವೇರ್ ಓಪನ್ನೇ ಆಗ್ಲಿಕ್ಕಿಲ್ಲ, ಹಾಗಾಗಿ ಮಾವ ರಾತ್ರಿ ಅದನ್ನು ಕಿತ್ತು ಕ್ಯಾಶ್ ಡ್ರಾವರಲ್ಲಿ ಇಟ್ಟು ಬೀಗ ಹಾಕಿ ಹೋಗ್ತಿದ್ರು, ಚಿನ್ನ ಇಟ್ಟ ಹಾಗೆ. ಕಪ್ಪು ಸ್ಕ್ರೀನು, ಬಿಳಿ ಅಕ್ಷರ, ಮೌಸಿನ ಕೆಲಸವೇ ಇಲ್ಲ. ಅಂಗಡಿಯ ರೈಟರಿಗೆ ಯಾವ ಕೀ ಒತ್ತಿದ್ರೆ ಎಂತ ಬರ್ತದೆ ಅಂತ ಬೆರಳಿಗೇ ಗೊತ್ತಿತ್ತು, ಗಿರಾಕಿ ಹತ್ರ ಮಾತಾಡ್ತಾ ಸ್ಕ್ರೀನ್ ನೋಡದೆ ಬಿಲ್ ಹೊಡೀತಿದ್ರು. ಆ ಸಾಫ್ಟ್‌ವೇರ್ ಹನ್ನೊಂದು ವರ್ಷ ಹೆಚ್ಚುಕಡಿಮೆ ಬದಲಾಗದೆ ಓಡಿತು. ತಪ್ಪೂ ಬೇಗ ಬದಲಾಗ್ಲಿಲ್ಲ ಅನ್ನಿ. ಪೈಸೆ ರೌಂಡ್ ಮಾಡುವುದ್ರಲ್ಲಿ ಒಂದು ಸಣ್ಣ ಎಡವಟ್ಟು ಇತ್ತು, ಹೇಳಿ ಏಳು ತಿಂಗಳಾದ್ಮೇಲೆ ಡೀಲರ್ ಸ್ಕೂಟರಲ್ಲಿ ಹೊಸ ಸೀಡಿ ತಂದು ಹಾಕಿದ್ರು, ಅಲ್ಲಿವರೆಗೆ ರೈಟರು ದಿನಾ ಸಂಜೆ ಕ್ಯಾಲ್ಕುಲೇಟರ್ ಹಿಡ್ಕೊಂಡು ಸರಿ ಮಾಡ್ತಿದ್ರು.

ಮಾಡುವವರ ಕಡೆಯಿಂದ ನೋಡಿದ್ರೆ ಆಗಿನ ಪದ್ಧತಿ ಮದುವೆ ಕಾಗದ ಅಚ್ಚು ಹಾಕಿಸಿದ ಹಾಗೆ. ಪ್ರೆಸ್ಸಿಗೆ ಹೋಗುವ ಮೊದ್ಲು ಮನೆಯವ್ರೆಲ್ಲ ಹತ್ತು ಸಲ ಓದ್ತಾರೆ, ಮುಹೂರ್ತ ಸರಿ ಉಂಟಾ, ಹಾಲಿನ ಹೆಸರು ಸರಿ ಉಂಟಾ, ಯಾವ ದೊಡ್ಡಪ್ಪನ ಹೆಸರಾದ್ರೂ ಬಿಟ್ಟು ಹೋಯ್ತಾ ಅಂತ, ಯಾಕಂದ್ರೆ ಸಾವಿರ ಕಾಗದ ಅಚ್ಚಾಗಿ ಹಂಚಿದ್ಮೇಲೆ ತಪ್ಪು ಸಿಕ್ಕಿದ್ರೆ ಎಂತ ಮಾಡ್ಲಿಕ್ಕುಂಟು? 1995ರ ಆಗಸ್ಟಲ್ಲಿ ಬಂದ ವಿಂಡೋಸ್ 95ನ್ನು ಸೀಡಿ ಡ್ರೈವ್ ಇಲ್ಲದವರಿಗೆ 13 ಫ್ಲಾಪಿಯಲ್ಲಿ ಕೊಡ್ತಿದ್ರು, ಒಂದಾದ ಮೇಲೆ ಒಂದು ಹಾಕ್ತಾ ಕೂತ್ಕೊಳ್ಬೇಕು. ಅಂಥದ್ರಲ್ಲಿ ತಪ್ಪು ಉಳಿದ್ರೆ ಸರಿ ಮಾಡಿದ್ದನ್ನು ಪ್ರತಿ ಮನೆಗೆ ತಲುಪಿಸುವುದು ಸಾಫ್ಟ್‌ವೇರ್ ಬರೆಯುವುದಕ್ಕಿಂತ ದೊಡ್ಡ ಕೆಲಸ. ಹಾಗಾಗಿ ವರ್ಷಗಟ್ಲೆ ಪ್ಲಾನು, ವರ್ಷಗಟ್ಲೆ ಕೋಡು, ತಿಂಗಳುಗಟ್ಲೆ ಟೆಸ್ಟಿಂಗು, ಆಮೇಲೆ ಒಂದು ದಿನ ಡಬ್ಬಿ. ವೆಬ್ ನೋಡ್ಲಿಕ್ಕೇ ಇದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಸಹ ಅದೇ ಚಾಳಿಯಲ್ಲಿ ನಡೀತಿತ್ತು, ಆರನೇ ವರ್ಶನ್ ಬಂದದ್ದು 2001ರಲ್ಲಿ, ಏಳನೆಯದ್ದು 2006ರಲ್ಲಿ. ಐದು ವರ್ಷ! ಈಗ ಕ್ರೋಮ್ ಬ್ರೌಸರ್ ಕೆಲವೇ ವಾರಕ್ಕೊಂದು ಹೊಸ ವರ್ಶನ್ ಬಿಡ್ತದೆ, ನಿಮ್ಗೆ ಗೊತ್ತೇ ಆಗುದಿಲ್ಲ.

ಇದ್ರ ಮಧ್ಯೆ ಆದದ್ದೆಂತ ಅಂದ್ರೆ, ಸಾಫ್ಟ್‌ವೇರ್ ಅನ್ನುವುದು ಗ್ರೈಂಡರ್ ಇದ್ದದ್ದು ಹೋಟ್ಲು ಆಯ್ತು. ಗ್ರೈಂಡರ್ ತಂದ್ರೆ ಅದು ನಿಮ್ಮದು, ಮೂಲೆಯಲ್ಲಿ ಕೂತಿರ್ತದೆ, ಮಾಡಿದ ಕಂಪೆನಿ ಮುಚ್ಚಿ ಹೋದ್ರೂ ಅಕ್ಕಿ ಅರೀತದೆ. ಹೋಟ್ಲಲ್ಲಿ ನಿಮ್ಮದು ಅಂತ ಎಂತದ್ದೂ ಇಲ್ಲ, ಹೋಗಿ ಕೂತ್ರೆ ಆಗ ಮಾಡಿದ್ದನ್ನು ಆಗ ಬಡಿಸ್ತಾರೆ. ಭಟ್ರು ಸಾಂಬಾರಿನ ಹದ ಬದಲು ಮಾಡಿದ್ರೆ ಅವತ್ತಿನಿಂದ ಎಲ್ರಿಗೂ ಹೊಸ ಸಾಂಬಾರು, ನಿಮ್ಮನ್ನು ಕೇಳಿ ಮಾಡ್ಲಿಕ್ಕಿಲ್ಲ. ಉಡುಪಿಯವ ಹೋಟ್ಲಿನ ಉದಾಹರಣೆ ಕೊಡದೆ ಇರ್ತಾನಾ ಅಂತ ನಗ್ಬೇಡಿ, ನಿಜಕ್ಕೂ ವೆಬ್ ಕೆಲಸ ಮಾಡುವುದೇ ಹಾಗೆ. ನೀವು ಬ್ರೌಸರಲ್ಲಿ ಒಂದು ಅಡ್ರೆಸ್ ಹೊಡೆದ್ರೆ ಅದು ಎಲ್ಲೋ ಇರುವ ಸರ್ವರಿಗೆ, ಅಂದ್ರೆ ಕೇಳಿದವರಿಗೆ ಪೇಜ್ ಕೊಡುವ ಕಂಪ್ಯೂಟರಿಗೆ, ಹೋಗಿ ಇಂಥ ಪೇಜ್ ಕೊಡಿ ಅಂತ ಕೇಳ್ತದೆ, ಸರ್ವರ್ ಆ ಹೊತ್ತಿಗೆ ತನ್ನ ಹತ್ರ ಇರುವ ಪೇಜನ್ನು, ಅದನ್ನು ನಡೆಸುವ ಕೋಡಿನ ಸಮೇತ ಕಳಿಸ್ತದೆ, ನೀವು ಮುಚ್ಚಿದ್ರೆ ಮುಗೀತು, ನಾಳೆ ಪುನಃ ಕೇಳ್ಬೇಕು. ನಾಳೆಯೊಳಗೆ ಸರ್ವರಲ್ಲಿ ಕೋಡ್ ಬದಲಾಗಿದ್ರೆ ನಿಮ್ಗೆ ಬರುವುದು ಬದಲಾದದ್ದೇ. ಮಾವನ ಅಂಗಡಿಗೆ ರಾತ್ರಿ ಯಾರೂ ಬರ್ಲಿಲ್ಲ. ಮಾವನೇ ಬೆಳಿಗ್ಗೆ ಬೇರೆಯವರ ಅಂಗಡಿಗೆ ಹೋಗಿ ಕೂತದ್ದು.

ಶುರುವಿಗೆ ಇದು ಅಷ್ಟು ದೊಡ್ಡ ವಿಷಯ ಅಂತ ಅನಿಸಿರ್ಲಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಸರ್ನ್ ಅನ್ನುವ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವೆಬ್ಬಿನ ಯೋಚನೆ ಬರೆದು ಕೊಟ್ಟದ್ದು ವಿಜ್ಞಾನಿಗಳು ಕಾಗದಪತ್ರ ಹಂಚಿಕೊಳ್ಳಲಿ ಅಂತ. 1993ರ ಏಪ್ರಿಲಲ್ಲಿ ಸರ್ನ್ ಅದನ್ನು ಯಾರು ಬೇಕಾದ್ರೂ ಪುಕ್ಕಟೆ ಬಳಸಬಹುದು ಅಂತ ಬಿಟ್ಟುಕೊಟ್ಟಿತು, ಅಷ್ಟು ಮಾಡಿದ್ದಕ್ಕೇ ಅದು ಇಷ್ಟು ಬೆಳೆದದ್ದು. ಆದ್ರೆ ಆಗಿನ ಪೇಜು ಅಂದ್ರೆ ಓದ್ಲಿಕ್ಕೆ ಇರುವ ಪೇಜು. ಏನು ಒತ್ತಿದ್ರೂ ಸ್ಕ್ರೀನ್ ಬೆಳ್ಳಗಾಗಿ ಪೂರ್ತಿ ಪೇಜ್ ಹೊಸತಾಗಿ ಬರ್ಬೇಕು. ಊಟಕ್ಕೆ ಕೂತವ ಸ್ವಲ್ಪ ಸಾರು ಹಾಕಿ ಅಂದ್ರೆ ಎಲೆಯನ್ನೇ ತೆಗ್ದು ಬಿಸಾಡಿ, ಹೊಸ ಎಲೆ ಹಾಕಿ, ಉಪ್ಪು ಉಪ್ಪಿನಕಾಯಿಯಿಂದ ಶುರು ಮಾಡಿ ಬಡಿಸಿಕೊಂಡು ಬಂದ ಹಾಗೆ. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಐದನೇ ವರ್ಶನಲ್ಲಿ ಮೈಕ್ರೋಸಾಫ್ಟಿನವ್ರು ಒಂದು ಸಣ್ಣ ಸೌಲಭ್ಯ ಹಾಕಿದ್ರು, ಪೇಜ್ ಹಾಗೇ ಇರುವಾಗ ಹಿಂದಿನಿಂದ ಸರ್ವರ್ ಹತ್ರ ಬೇಕಾದಷ್ಟು ಮಾತ್ರ ಕೇಳಿ ತರ್ಲಿಕ್ಕೆ. ಹೆಚ್ಚಿನವ್ರು ಅದನ್ನು ತಿರುಗಿ ನೋಡ್ಲಿಲ್ಲ. 2004ರ ಏಪ್ರಿಲ್ ಒಂದಕ್ಕೆ ಜೀಮೇಲ್ ಬಂತು, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು, ಮ್ಯಾಪನ್ನು ಮೌಸಲ್ಲಿ ಹಿಡಿದು ಎಳೆದ್ರೆ ಎಳೆದ ಹಾಗೆ ಬರ್ತಿತ್ತು, ಆಗ ಎಲ್ರ ಕಣ್ಣು ಬಿಟ್ಟಿತು. ಎಲೆ ಹಾಗೇ ಇದೆ, ಸಾರು ಮಾತ್ರ ಬಂತು! ನಾನು ಅವತ್ತು ಕೆಲಸ ಮಾಡ್ತಿದ್ದ ಆಫೀಸಲ್ಲಿ ನಾವು ನಾಲ್ಕು ಜನ ಒಂದೇ ಕಂಪ್ಯೂಟರ್ ಎದುರು ನಿಂತು ಪಣಂಬೂರು ಬೀಚನ್ನು ಆಚೆ ಈಚೆ ಎಳ್ಕೊಂಡು ಅರ್ಧ ಗಂಟೆ ಹಾಳು ಮಾಡಿದ್ದು ನೆನಪುಂಟು. ಅಲ್ಲಿಂದ ಮೇಲೆ ವೆಬ್ ಪೇಜಿಗೂ ಸಾಫ್ಟ್‌ವೇರಿಗೂ ಇದ್ದ ಗೋಡೆ ಬಿತ್ತು. ಇನ್ನೊಂದು ತಮಾಷೆ ಅಂದ್ರೆ ಜೀಮೇಲ್ 2009ರವರೆಗೂ ಬೀಟಾ ಅಂತ ಬೋರ್ಡ್ ಹಾಕ್ಕೊಂಡೇ ಇತ್ತು, ಅಂದ್ರೆ ಇನ್ನೂ ಪೂರ್ತಿ ಆಗ್ಲಿಲ್ಲ ಅಂತ, ಕೋಟಿಗಟ್ಲೆ ಜನ ಬಳಸ್ತಿದ್ರೂ. ಮನೆಯೊಕ್ಲು ಮಾಡಿ ಐದು ವರ್ಷ ಆದ್ಮೇಲೂ ಪೈಂಟ್ ಬಾಕಿ ಉಂಟು ಅಂದ ಹಾಗೆ.

ಹೋಟ್ಲು ಆದ್ಮೇಲೆ ಅಡಿಗೆಯ ಕ್ರಮವೂ ಬದಲಾಗ್ಬೇಕಲ್ಲ. ವರ್ಷಕ್ಕೊಮ್ಮೆ ದೊಡ್ಡ ರಿಲೀಸ್ ಮಾಡುವ ಬದ್ಲು ದಿನಾ ಸ್ವಲ್ಪ ಸ್ವಲ್ಪ ಬದಲಾಯಿಸುವುದು ಶುರುವಾಯ್ತು. ಇದು ನಮ್ಮೂರಿನವರಿಗೆ ಅರ್ಥ ಆಗದ ವಿಷಯ ಅಲ್ಲ. 1928ರಲ್ಲಿ ಉಡುಪಿಯಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವ್ರು ಪಿಗ್ಮಿ ಶುರು ಮಾಡಿದ್ರಲ್ಲ, ದಿನಕ್ಕೆ ಎರಡಾಣೆ ಇದ್ರೂ ಸಾಕು, ಏಜೆಂಟ್ ಮನೆ ಬಾಗಿಲಿಗೆ ಬಂದು ತಗೊಂಡು ಹೋಗ್ತಾರೆ. ಒಟ್ಟಿಗೆ ಇನ್ನೂರು ರೂಪಾಯಿ ಕಟ್ಟು ಅಂದ್ರೆ ಆಗದವ ದಿನಾ ಎರಡಾಣೆ ಕಟ್ತಾನೆ. ಅದಕ್ಕಿಂತ ಮುಖ್ಯ ಎಂತ ಅಂದ್ರೆ ಲೆಕ್ಕ ತಪ್ಪಿದ್ರೆ ಅವತ್ತೇ ಗೊತ್ತಾಗ್ತದೆ. ಸಾಫ್ಟ್‌ವೇರಲ್ಲೂ ಅದೇ. ಆರು ತಿಂಗಳಲ್ಲಿ ಮಾಡಿದ ನಾನೂರು ಬದಲಾವಣೆಯನ್ನು ಒಂದೇ ರಾತ್ರಿ ಹಾಕಿ, ಬೆಳಿಗ್ಗೆ ಬಿಲ್ಲು ತಪ್ಪು ಬಂದ್ರೆ ನಾನೂರರಲ್ಲಿ ಯಾವುದ್ರಿಂದ ಅಂತ ಹುಡುಕುವುದೇ ಒಂದು ವಾರದ ಮಂಡೆಬಿಸಿ. ಒಂದೊಂದೇ ಹಾಕಿದ್ರೆ ಕೊನೆಗೆ ಹಾಕಿದ್ದನ್ನು ತೆಗೆದ್ರಾಯ್ತು. ಫೋಟೊ ಹಂಚುವ ಸೈಟ್ ಫ್ಲಿಕರ್ ಕಂಪೆನಿಯ ಇಬ್ಬರು 2009ರಲ್ಲಿ ಒಂದು ಸಭೆಯಲ್ಲಿ ನಿಂತು ನಾವು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಹೊಸ ಕೋಡ್ ಹಾಕ್ತೇವೆ ಅಂದಾಗ ಫೀಲ್ಡಿನವರೇ ಬಾಯಿ ಬಿಟ್ಟು ಕೇಳಿದ್ರು. ಎರಡೇ ವರ್ಷಕ್ಕೆ, 2011ರಲ್ಲಿ, ಅಮೆಜಾನಿನವ್ರು ಹೇಳಿದ ಲೆಕ್ಕ, ಕೆಲಸದ ದಿನಗಳಲ್ಲಿ ಸರಾಸರಿ 11.6 ಸೆಕೆಂಡಿಗೊಂದು ಸಲ!

ಅಷ್ಟು ಸಲ ಹಾಕಿಯೂ ಎಲ್ಲ ಬಿದ್ದು ಹೋಗದೆ ಇರ್ಬೇಕಾದ್ರೆ ಅದ್ರ ಹಿಂದೆ ದೊಡ್ಡ ವ್ಯವಸ್ಥೆ ಬೇಕು, ಈಗ ನಮ್ಮ ಕೆಲಸದಲ್ಲಿ ಅರ್ಧ ಅದೇ. ಯಾರು ಯಾವಾಗ ಯಾವ ಸಾಲು ಬದಲಾಯಿಸಿದ್ರು ಅಂತ ನೆನಪಿಡ್ಲಿಕ್ಕೆ ಗಿಟ್ ಅಂತ ಸಾಫ್ಟ್‌ವೇರ್, ಲಿನಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ್ದು. ಹೊಸ ಕೋಡ್ ಸೇರಿಸಿದ ತಕ್ಷಣ ಸಾವಿರಗಟ್ಲೆ ಟೆಸ್ಟ್ ತಾನೇ ಓಡ್ತದೆ, ಒಂದು ಫೇಲಾದ್ರೂ ಮುಂದೆ ಹೋಗ್ಲಿಕ್ಕಿಲ್ಲ. ಎಲ್ಲ ಪಾಸಾದ್ರೂ ಒಟ್ಟಿಗೆ ಎಲ್ರಿಗೂ ಕೊಡುದಿಲ್ಲ, ಮೊದ್ಲು ನೂರರಲ್ಲಿ ಒಬ್ಬರಿಗೆ, ಸರಿ ಇದ್ರೆ ಹತ್ತು ಜನಕ್ಕೆ, ಆಮೇಲೆ ಉಳಿದವರಿಗೆ. ಹಿಂದೆ ಕಲ್ಲಿದ್ದಲ ಗಣಿಯಲ್ಲಿ ವಿಷಗಾಳಿ ಗೊತ್ತಾಗ್ಲಿಕ್ಕೆ ಕೆನರಿ ಅಂತ ಹಕ್ಕಿ ಒಯ್ತಿದ್ರಂತೆ, ಅದಕ್ಕೆ ಇದನ್ನು ಕೆನರಿ ರಿಲೀಸ್ ಅಂತಾರೆ, ನನಗೆ ಮಾತ್ರ ಇದು ಕಾವಲಿಯ ಮೊದಲ ದೋಸೆ. ಮೊದಲ ದೋಸೆ ಸರಿ ಏಳುದಿಲ್ಲ ಅಂತ ಎಲ್ರಿಗೂ ಗೊತ್ತುಂಟು, ಅದನ್ನು ನೆಂಟರಿಗೆ ಬಡಿಸ್ತಾರಾ?

ಬಡಿಸಿದ್ರೆ ಎಂತ ಆಗ್ತದೆ ಅಂತ 2024ರ ಜುಲೈ 19ಕ್ಕೆ ಲೋಕವೇ ನೋಡಿತು. ಕ್ರೌಡ್‌ಸ್ಟ್ರೈಕ್ ಅನ್ನುವ ಸೆಕ್ಯುರಿಟಿ ಕಂಪೆನಿಯ ಒಂದು ಅಪ್‌ಡೇಟು ಹಂತ ಹಂತವಾಗಿ ಹೋಗದೆ ಎಲ್ರಿಗೂ ಹೋಯ್ತು, ಅದ್ರಲ್ಲಿ ತಪ್ಪಿತ್ತು, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್ ನೀಲಿ ಸ್ಕ್ರೀನ್ ತೋರಿಸಿ ಮಲಗಿದ್ವು. ಒಂದೂವರೆ ಗಂಟೆಯೊಳಗೆ ಕಂಪೆನಿ ಅದನ್ನು ವಾಪಸ್ ತೆಗೀತು, ಆದ್ರೆ ಮಲಗಿದ ಕಂಪ್ಯೂಟರಿಗೆ ವಾಪಸ್ ತೆಗೆದ ಸುದ್ದಿ ಮುಟ್ಟುವುದು ಹೇಗೆ, ಒಂದೊಂದನ್ನೂ ಕೈಯಲ್ಲಿ ಎಬ್ಬಿಸ್ಬೇಕಾಯ್ತು. ನಮ್ಮ ದೇಶದ ಏರ್‌ಪೋರ್ಟುಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದು ಕೊಟ್ರು.

ಈಗ ಮಾವನ ಬಟನ್ನಿಗೆ ಬರ್ತೇನೆ. ಅವತ್ತು ಸಂಜೆ ಮಾವ ಪುನಃ ಫೋನ್ ಮಾಡಿದ್ರು, ಈ ಸಲ ದನಿ ಸಣ್ಣದು, ಯಾರಿಗೂ ಕೇಳ್ಬಾರದು ಅನ್ನುವ ಹಾಗೆ. "ಆಚೆ ಅಂಗಡಿಯವ್ರದ್ದೂ ಇದೇ ಸಾಫ್ಟ್‌ವೇರು, ಅವರದ್ರಲ್ಲಿ ಬಟನ್ ಉಂಟು. ನನ್ನದನ್ನು ಯಾರೋ ಹ್ಯಾಕ್ ಮಾಡಿದ್ದಾರೆ."

ಹ್ಯಾಕ್ ಅಲ್ಲ ಮಾವ, ನಿಮ್ಮ ಮೇಲೆ ಟೆಸ್ಟ್ ಮಾಡ್ತಾ ಇದ್ದಾರೆ ಅಂತ ಹೇಳುವುದು ಹೇಗೆ ಅಂತ ನನಗೆ ಗೊತ್ತಾಗ್ಲಿಲ್ಲ, ಆದ್ರೆ ವಿಷಯ ಅದೇ. ಬಳಸುವವರನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಹಳೇ ಸ್ಕ್ರೀನ್, ಇನ್ನೊಂದಕ್ಕೆ ಹೊಸ ಸ್ಕ್ರೀನ್ ಕೊಟ್ಟು ಯಾವುದ್ರಲ್ಲಿ ಕೆಲಸ ಬೇಗ ಆಗ್ತದೆ, ಯಾರು ಎಷ್ಟು ಸಲ ಎಲ್ಲಿ ಒತ್ತುತ್ತಾರೆ ಅಂತ ಎಣಿಸುವುದಕ್ಕೆ ಎ/ಬಿ ಟೆಸ್ಟ್ ಅಂತ ಹೆಸರು. ಡಬ್ಬಿಯ ಕಾಲದಲ್ಲಿ ಇದು ಸಾಧ್ಯವೇ ಇರ್ಲಿಲ್ಲ, ಮಾರಿದ ಮೇಲೆ ಗಿರಾಕಿ ಅದನ್ನು ಹೇಗೆ ಬಳಸ್ತಾನೆ ಅಂತ ಮಾಡಿದವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಹೋಟ್ಲಲ್ಲಾದ್ರೆ ಎಲೆಯಲ್ಲಿ ಎಂತ ಉಳೀತು ಅಂತ ಕಣ್ಣಿಗೆ ಕಾಣ್ತದೆ. ಒಳ್ಳೇದೇ, ಆದ್ರೆ ಹುಚ್ಚು ಹಿಡಿದ್ರೆ ಅದಕ್ಕೂ ಮಿತಿ ಇಲ್ಲ. ಗೂಗಲಿನಲ್ಲಿ ಒಂದು ಟೀಮು ಎರಡು ನೀಲಿ ಬಣ್ಣದಲ್ಲಿ ಯಾವುದು ಅಂತ ತೀರ್ಮಾನ ಆಗದೆ ಅದ್ರ ಮಧ್ಯದ 41 ನೀಲಿಗಳನ್ನು ಟೆಸ್ಟ್ ಮಾಡಿತು ಅಂತ ಅಲ್ಲಿಯ ಡಿಸೈನರ್ ಡಗ್ಲಸ್ ಬೋಮನ್ 2009ರಲ್ಲಿ ಕೆಲಸ ಬಿಡುವಾಗ ಬರೆದಿದ್ದಾರೆ. ನನ್ನ ಕೇಳಿದ್ರೆ, ಬಂದರಿನ ಅಂಗಡಿಯಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಗೆ ಹತ್ತು ಜನ ಗಿರಾಕಿ ನಿಂತಿರುವಾಗ ಬಟನ್ ಜಾಗ ಬದಲಾಯಿಸಿ ಟೆಸ್ಟ್ ಮಾಡುವುದು ಸರಿಯಲ್ಲ, ಹೊಸತು ಬಂದಿದೆ, ನೋಡ್ತೀರಾ ಅಂತ ಒಂದು ಮಾತು ಕೇಳಿದ್ರೆ ಇವರ ಗಂಟೆಂತ ಹೋಗ್ತದೆ? ಆದ್ರೆ ನಾನೂ ಇದನ್ನು ಮಾಡಿದವನೇ, ಕೇಳದೆಯೇ ಮಾಡಿದವ.

ಮತ್ತೆ ಒಂದು ಉಂಟು. 2025ರ ಸೆಪ್ಟೆಂಬರ್ 22ಕ್ಕೆ ಜೀಎಸ್‌ಟಿ ರೇಟ್ ಬದಲಾಯ್ತಲ್ಲ, ತುಪ್ಪಕ್ಕೆ 12 ಪರ್ಸೆಂಟ್ ಇದ್ದದ್ದು 5, ಬಿಸ್ಕಿಟಿಗೆ 18 ಇದ್ದದ್ದು 5, ಹೀಗೆ ಅಂಗಡಿಯ ಅರ್ಧ ಸಾಮಾನಿಗೆ. ಮಾವ ಬೆಳಿಗ್ಗೆ ಬಂದು ಓಪನ್ ಮಾಡುವಾಗ ಹೊಸ ರೇಟೆಲ್ಲ ಕೂತಿತ್ತು. ಹಳೇ ಡಾಂಗಲಿನ ಕಾಲದಲ್ಲಾದ್ರೆ ಡೀಲರ್ ಸ್ಕೂಟರಲ್ಲಿ ಬರುವಾಗ ದೀಪಾವಳಿ ಕಳೀತಿತ್ತು. ಆವತ್ತು ರಾತ್ರಿ ಒಳಗೆ ಬಂದದ್ದು ಯಾರು ಅಂತ ಮಾವ ಕೇಳ್ಲಿಲ್ಲ.

ಇನ್ನು ಮಾಡುವವರಿಗೆ ಆದ ಲಾಭ. ಮೊದ್ಲು ವೆಬ್ ಸಾಫ್ಟ್‌ವೇರ್ ಮಾಡ್ಬೇಕಾದ್ರೆ ಸರ್ವರ್ ಮೆಶಿನ್ ಕೊಳ್ಳಬೇಕು, ಎಸಿ ರೂಮ್ ಬೇಕು, ಯುಪಿಎಸ್ ಬೇಕು. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಗಂಟೆಗೆ ಹತ್ತು ಸೆಂಟ್ಸ್ ಬಾಡಿಗೆಗೆ ಕೊಡ್ಲಿಕ್ಕೆ ಶುರು ಮಾಡಿತು, ಆಗಿನ ಲೆಕ್ಕದಲ್ಲಿ ನಾಲ್ಕೈದು ರೂಪಾಯಿ. ಊರಲ್ಲೇ ಕೂತು ಕೆಲಸ ಮಾಡುವುದು ನಮ್ಮಲ್ಲಿ ಮೊದ್ಲೇ ಇತ್ತು ಅನ್ನಿ, ಉಡುಪಿಯಲ್ಲಿ ರೋಹಿತ್ ಭಟ್ 1996ರಲ್ಲಿ ರೋಬೋಸಾಫ್ಟ್ ಶುರು ಮಾಡಿದಾಗ ಮೊದ್ಲು ಮಾಡ್ತಿದ್ದದ್ದು ಮ್ಯಾಕ್ ಕಂಪ್ಯೂಟರಿನ ಸಾಫ್ಟ್‌ವೇರು, 2008ರ ಜುಲೈಯಲ್ಲಿ ಆ್ಯಪಲ್‌ನ ಆ್ಯಪ್ ಸ್ಟೋರ್ ಬಂದ್ಮೇಲೆ ಆ್ಯಪ್ ಕಡೆಗೆ ತಿರುಗಿದ್ರು. ಆದ್ರೆ ಈಗ ಕಂಪೆನಿಯೂ ಬೇಡ, ಮೂರು ಹುಡುಗ್ರು ಮಣಿಪಾಲದ ಒಂದು ರೂಮಲ್ಲಿ ಕೂತು ಶುರು ಮಾಡಬಹುದು. ಅದ್ರ ಇನ್ನೊಂದು ಮಗ್ಗುಲೂ ಉಂಟು, ಅವರು ಬರೆಯುವುದು ಸ್ವಲ್ಪ, ಉಳಿದದ್ದೆಲ್ಲ ಯಾರೋ ಬರೆದು ಹಂಚಿದ ಕೋಡು. 2016ರ ಮಾರ್ಚಲ್ಲಿ ಒಬ್ಬ ಪ್ರೋಗ್ರಾಮರ್ ಯಾವುದೋ ಹೆಸರಿನ ಜಗಳದಲ್ಲಿ ಸಿಟ್ಟು ಬಂದು ತಾನು ಹಂಚಿದ ಕೋಡನ್ನೆಲ್ಲ ತೆಗ್ದುಬಿಟ್ಟ. ಅದ್ರಲ್ಲಿ ಲೆಫ್ಟ್‌ಪ್ಯಾಡ್ ಅಂತ 11 ಸಾಲಿನ ಒಂದು ತುಂಡಿತ್ತು, ಅಕ್ಷರಗಳ ಎಡಕ್ಕೆ ಖಾಲಿ ಜಾಗ ತುಂಬಿಸುವುದು ಬಿಟ್ರೆ ಬೇರೆ ಕೆಲಸ ಇಲ್ಲ ಅದಕ್ಕೆ, ಅದಿಲ್ಲದೆ ದೊಡ್ಡ ದೊಡ್ಡ ಪ್ರಾಜೆಕ್ಟುಗಳು ಕೆಲವು ಗಂಟೆ ನಿಂತು ಹೋದ್ವು. ಪಕ್ಕದ ಮನೆಯವ ಏಣಿ ವಾಪಸ್ ತಗೊಂಡು ಹೋದ್ಮೇಲೆ ನಾವು ಮಾಡಿನ ಮೇಲೆ ಉಳಿದ ಹಾಗೆ.

ಬಳಸುವವರು ಬದಲಾದದ್ದು ನನಗೆ ಇದಕ್ಕಿಂತ ಆಶ್ಚರ್ಯದ ವಿಷಯ. ಜನ ಕಂಪ್ಯೂಟರ್ ಹೇಗೆ ಬಳಸ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ರು, ಸೆಕೆಂಡಿನ ಹತ್ತನೇ ಒಂದು ಪಾಲಲ್ಲಿ ಉತ್ತರ ಬಂದ್ರೆ ಮನುಷ್ಯನಿಗೆ ಆಗಿಂದಾಗ ಆಯ್ತು ಅಂತ ಅನಿಸ್ತದೆ, ಒಂದು ಸೆಕೆಂಡಾದ್ರೆ ತಡ ಗೊತ್ತಾಗ್ತದೆ ಆದ್ರೆ ಯೋಚನೆ ಕಡಿಯುದಿಲ್ಲ, ಹತ್ತು ಸೆಕೆಂಡ್ ದಾಟಿದ್ರೆ ಗಮನ ಬೇರೆ ಕಡೆ ಹೋಯ್ತು. ಆ ಲೆಕ್ಕ ಈಗಲೂ ಅಷ್ಟೇ, ಮಂಡೆ ಬದಲಾಗ್ಲಿಲ್ಲ, ಬದಲಾದದ್ದು ಅಭ್ಯಾಸ. ಡಯಲಪ್ ಕಾಲದಲ್ಲಿ ಸೈಬರಿಗೆ ಹೋಗಿ ಒಂದು ಫೋಟೊ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಇಳಿಯುವುದನ್ನು ಕಾದು ನೋಡಿದವರು ನಾವು, ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು! ಅದೇ ನಾವು ಈಗ ಮೂರು ಸೆಕೆಂಡ್ ಚಕ್ರ ತಿರುಗಿದ್ರೆ "ಎಂತ ದರಿದ್ರ ಆ್ಯಪ್" ಅಂತ ಮುಚ್ತೇವೆ.

ಮತ್ತೆ ಹೋಲಿಕೆ. ಮೊದ್ಲು ಬಿಲ್ಲಿಂಗ್ ಸಾಫ್ಟ್‌ವೇರನ್ನು ಇನ್ನೊಂದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ಹೋಲಿಸ್ತಿದ್ರು, ಈಗ ಹಾಗಲ್ಲ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗ ಆಯ್ತು, ಈಗ ಮೀನು ಮಾರ್ಕೆಟಲ್ಲಿ ಬಂಗುಡೆ ಮಾರುವ ಬಾಯಮ್ಮನ ಬುಟ್ಟಿ ಪಕ್ಕ ಕ್ಯೂಆರ್ ಕೋಡು, ಸ್ಕ್ಯಾನ್ ಮಾಡಿ ಕೈ ತೆಗೆಯುವುದ್ರೊಳಗೆ ಪೆಟ್ಟಿಗೆ ಇಷ್ಟು ರೂಪಾಯಿ ಬಂತು ಅಂತ ಕೂಗ್ತದೆ. ಅದನ್ನು ನೋಡಿ ಬಂದವ ಸೊಸೈಟಿಯ ಆ್ಯಪ್ ತೆರೆದು ಪಾಸ್‌ಬುಕ್ ಬರ್ಲಿಕ್ಕೆ ಅರ್ಧ ನಿಮಿಷ ಆದ್ರೆ ಸುಮ್ನಿರ್ತಾನಾ? ಯುಪಿಐ ಹಿಂದೆ ದೇಶದ ಬ್ಯಾಂಕುಗಳೆಲ್ಲ ಸೇರಿ ನಿಂತಿವೆ, ಸೊಸೈಟಿ ಆ್ಯಪ್ ಹಿಂದೆ ಇಬ್ಬರು ಹುಡುಗ್ರು, ಇದು ಬಳಸುವವನಿಗೆ ಗೊತ್ತಿಲ್ಲ, ಗೊತ್ತಾಗ್ಬೇಕು ಅಂತಲೂ ಇಲ್ಲ. ನಮ್ಮಂಥ ಸಣ್ಣವರಿಗೆ ಇದು ಅನ್ಯಾಯವೇ, ಆದ್ರೆ ಗಿರಾಕಿ ಹತ್ರ ಹೇಳಿ ಪ್ರಯೋಜನ ಇಲ್ಲ.

ಈಗ ಮ್ಯಾನ್ಯುವಲ್ ಓದುವವ ಇಲ್ಲ, ಓದ್ಲಿಕ್ಕೆ ಇದ್ರೆ ಅದು ಆ್ಯಪಿನದ್ದೇ ತಪ್ಪು. ಸೇವ್ ಮಾಡುವುದು ಅಂತ ಒಂದು ಕೆಲಸ ಇತ್ತು ಅನ್ನುವುದೇ ಮಕ್ಕಳಿಗೆ ಗೊತ್ತಿಲ್ಲ, ನನ್ನ ಮಗಳು ಸೇವ್ ಬಟನ್ ಮೇಲಿರುವ ಆ ಫ್ಲಾಪಿಯ ಚಿತ್ರ ನೋಡಿ ಇದೆಂತ ಕಪಾಟಾ ಅಂತ ಕೇಳಿದ್ಳು. ಫೋನಲ್ಲಿ ಬರೆದದ್ದು ಕಂಪ್ಯೂಟರಲ್ಲಿ ಕಾಣ್ಬೇಕು. ಸ್ಪೆಲ್ಲಿಂಗ್ ತಪ್ಪಿದ್ರೂ ಹುಡುಕಿ ಕೊಡ್ಬೇಕು. ಕನ್ನಡದಲ್ಲಿ ಬೇಕು, ಇದು ನನಗೆ ಖುಷಿಯ ವಿಷಯ. ನಮ್ಮ ಕಡೆಯವರೇ ಆದ ಕೆ.ಪಿ. ರಾವ್ ಅವ್ರು ಕನ್ನಡಕ್ಕೆ ಕೀಬೋರ್ಡ್ ಹೊಂದಿಸಿ, ಸೇಡಿಯಾಪು ಅಂತ ಸಾಫ್ಟ್‌ವೇರ್ ಮಾಡಿ ಪುಕ್ಕಟೆ ಹಂಚಿದ ಕಾಲದಿಂದ ನೋಡಿದ್ರೆ ಎಷ್ಟು ದೂರ ಬಂದಾಯ್ತು. ಆಗ ಒಂದೊಂದು ಸೈಟಿಗೆ ಒಂದೊಂದು ಫಾಂಟ್ ಇಳಿಸಿಕೊಳ್ಬೇಕಿತ್ತು, ಇಲ್ಲದಿದ್ರೆ ಅಕ್ಷರದ ಜಾಗದಲ್ಲಿ ಎಂತೆಂತದ್ದೋ ಗುರುತುಗಳು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಪದ್ಧತಿಯ ಯುನಿಕೋಡ್ ಎಲ್ಲ ಕಡೆ ಬಂದ್ಮೇಲೆ ಆ ರಗಳೆ ತಪ್ಪಿತು, ಈಗ ಮಾವನ ಸೊಸೆ ಫೋನಿಗೆ ಕನ್ನಡದಲ್ಲಿ ಮಾತಾಡಿಯೇ ಸ್ಟಾಕ್ ಹುಡುಕ್ತಾಳೆ, ಅದು ಬರದಿದ್ರೆ ನನಗೆ ಜೋರು ಮಾಡ್ತಾಳೆ.

ಆದ್ರೆ ಎಲ್ರೂ ಹೋಟ್ಲಿಗೆ ಬರ್ಲಿಲ್ಲ. ಉಡುಪಿಯಲ್ಲಿ ನನಗೆ ಗೊತ್ತಿರುವ ಒಂದು ಪ್ರೆಸ್ಸಲ್ಲಿ ಇವತ್ತಿಗೂ ಪುಟ ಜೋಡಿಸ್ಲಿಕ್ಕೆ ಪೇಜ್‌ಮೇಕರ್ 7, ಅದು 2001ರದ್ದು. ಅದಕ್ಕೇಂತ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ, ಇಂಟರ್ನೆಟ್ ಕನೆಕ್ಷನ್ನೇ ಕೊಟ್ಟಿಲ್ಲ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಇಪ್ಪತ್ತು ವರ್ಷದ ಆಮಂತ್ರಣ, ರಶೀದಿ ಪುಸ್ತಕ, ಜಾತ್ರೆ ನೋಟೀಸು ಎಲ್ಲ ಅದ್ರಲ್ಲುಂಟು, ಓನರ್ ಹೇಳ್ತಾರೆ, "ಇದು ನಾನು ಹೇಳಿದ್ದನ್ನು ಕೇಳ್ತದೆ, ಹೊಸದ್ರಲ್ಲಿ ಅದು ಹೇಳಿದ್ದನ್ನು ನಾನು ಕೇಳ್ಬೇಕು." ಹಿಂದೆ ಬಿದ್ದವರು ಅಂತ ನಗುವುದು ಸುಲಭ. 2013ರಲ್ಲಿ ಫೋಟೋಶಾಪ್ ಮಾಡುವ ಅಡೋಬಿಯವ್ರು ಇನ್ನು ಮೇಲೆ ಹೊಸ ವರ್ಶನ್ ಬೇಕಾದ್ರೆ ತಿಂಗಳ ಬಾಡಿಗೆಗೆ ಮಾತ್ರ ಅಂದಾಗ, ಒಮ್ಮೆ ದುಡ್ಡು ಕೊಟ್ಟು ತಗೊಂಡು ಹತ್ತು ವರ್ಷ ಓಡಿಸುವ ನಮ್ಮೂರಿನ ಸ್ಟುಡಿಯೋದವರ ಲೆಕ್ಕವೇ ತಲೆಕೆಳಗಾಯ್ತು. ಅದೇ ವರ್ಷ ಜುಲೈಯಲ್ಲಿ, ಬೇರೆ ಬೇರೆ ಸೈಟಿನ ಹೊಸ ಬರಹಗಳನ್ನು ಒಂದೇ ಕಡೆ ತೋರಿಸ್ತಿದ್ದ ಗೂಗಲ್ ರೀಡರ್ ಮುಚ್ಚಿತು, ನಾನು ದಿನಾ ಬೆಳಿಗ್ಗೆ ಕಾಫಿ ಒಟ್ಟಿಗೆ ಓದ್ತಿದ್ದದ್ದು ಅದ್ರಲ್ಲಿ. ಹೋಟ್ಲಿನವ ಬಾಗಿಲು ಹಾಕಿದ್ರೆ ಊಟ ಇಲ್ಲ, ಅಷ್ಟೆ.

ಮತ್ತೆ ನಮ್ಮ ಮಳೆ. ಜುಲೈ ತಿಂಗಳಲ್ಲಿ ಎಲ್ಲೋ ಮರ ಬಿದ್ದು ಕೇಬಲ್ ಕಡಿದ್ರೆ ಇಡೀ ದಿನ ನೆಟ್ ಇಲ್ಲ. ಕಳೆದ ಮಳೆಗಾಲದಲ್ಲಿ ಮಾವನ ಅಂಗಡಿಯಲ್ಲಿ ಹೀಗೇ ಆಗಿ, ಯುಪಿಎಸ್ ಇದ್ದು, ಕಂಪ್ಯೂಟರ್ ಇದ್ದು, ಬಿಲ್ ಮಾತ್ರ ಇಲ್ಲ, ರೈಟರು ರಟ್ಟಿನ ತುಂಡಿನಲ್ಲಿ ಲೆಕ್ಕ ಬರೆದು ಕೊಟ್ಟು ಕಳಿಸಿದ್ರು. ಇದಕ್ಕೆ ಉಪಾಯ ಉಂಟು, ಬ್ರೌಸರಲ್ಲೇ ಸರ್ವಿಸ್ ವರ್ಕರ್ ಅಂತ ಒಂದು ವ್ಯವಸ್ಥೆ, ಹೋಟ್ಲಿನ ಊಟವನ್ನು ಬುತ್ತಿ ಕಟ್ಟಿಟ್ಟ ಹಾಗೆ. ಪೇಜನ್ನೂ ಬೇಕಾದಷ್ಟು ಮಾಹಿತಿಯನ್ನೂ ಮೊದ್ಲೇ ನಿಮ್ಮ ಕಂಪ್ಯೂಟರಲ್ಲಿ ಇಟ್ಟುಕೊಳ್ತದೆ, ನೆಟ್ ಹೋದಾಗ ಅದ್ರಿಂದಲೇ ನಡೆಸ್ತದೆ, ಬಂದಾಗ ಸರ್ವರಿಗೆ ಲೆಕ್ಕ ಒಪ್ಪಿಸ್ತದೆ. ಹೇಳ್ಲಿಕ್ಕೆ ಸುಲಭ, ಕಷ್ಟ ಇರುವುದು ಲೆಕ್ಕ ಒಪ್ಪಿಸುವಲ್ಲಿ. ನೆಟ್ ಇಲ್ಲದಾಗ ಅಂಗಡಿಯ ಕೌಂಟರಲ್ಲಿ ಕೊನೇ ಗೋಣಿ ಉದ್ದಿನಬೇಳೆ ಒಬ್ಬರಿಗೆ ಮಾರಿದ್ರು, ಅದೇ ಹೊತ್ತಿಗೆ ಗೋಡೌನಲ್ಲಿ ಫೋನ್ ಹಿಡಿದವ ಅದೇ ಗೋಣಿಯನ್ನು ಇನ್ನೊಬ್ಬರಿಗೆ ಬರೆದ, ಎರಡೂ ಸರ್ವರಿಗೆ ಬಂತು, ಸ್ಟಾಕು ಮೈನಸ್ ಒಂದು. ಯಾವ ಬಿಲ್ಲನ್ನು ನಂಬುವುದು? ಕಂಪ್ಯೂಟರಿಗೆ ಗೊತ್ತಾಗುವ ವಿಷಯ ಅಲ್ಲ ಇದು, ಎರಡನ್ನೂ ಇಟ್ಟುಕೊಂಡು ಮನುಷ್ಯನ ಹತ್ರ ಕೇಳ್ಬೇಕು. ದೊಡ್ಡ ಊರಲ್ಲಿ ಕೂತು ಮಾಡುವವರಿಗೆ ನೆಟ್ ಇಲ್ಲದ ದಿನ ನೆನಪಿಗೇ ಬರುದಿಲ್ಲ, ಹಾಗಾಗಿ ಈ ಭಾಗ ಕೊನೆಗೆ ಉಳೀತದೆ. ನಾನು ಮಾಡುವುದ್ರಲ್ಲಿ ಮೊದ್ಲು ಇದನ್ನು ಮಾಡ್ತೇನೆ, ಕಾರ್ಕಳ, ಹೆಬ್ರಿ ಕಡೆಯ ಗಿರಾಕಿಗಳು ಇದ್ದಾರಲ್ಲ.

ಬಟನ್ ಎಂತ ಆಯ್ತು ಅಂತ ಹೇಳ್ಲಿಲ್ಲ ಅಲ್ವಾ. ಅದು ಬಲಬದಿ ಮೇಲೆ ಮೂರು ಚುಕ್ಕಿ ಉಂಟಲ್ಲ, ಅದ್ರ ಒಳಗೆ ಹೋಗಿತ್ತು. ಮಾವನಿಗೆ ಫೋನಲ್ಲೇ ತೋರಿಸಿ ಕೊಟ್ಟೆ, ರೈಟರು ಎರಡು ದಿನ ಗೊಣಗಿ ಮೂರನೇ ದಿನಕ್ಕೆ ಅಭ್ಯಾಸ ಮಾಡ್ಕೊಂಡ್ರು. ಮೂರು ವಾರ ಆಗಿರ್ಬೇಕು, ಮಾವನ ಹಾಗೇ ಎಲ್ರೂ ಹಳೇ ಜಾಗದಲ್ಲೇ ಒತ್ತಿ ಒತ್ತಿ ನೋಡಿದ್ದು ಕಂಪೆನಿಯವರ ಲೆಕ್ಕದಲ್ಲಿ ಬಂದಿರ್ಬೇಕು, ಟೆಸ್ಟ್ ಮುಗಿಸಿ ಬಟನ್ನನ್ನು ಮೊದಲಿನ ಜಾಗಕ್ಕೇ ಇಟ್ರು, ಹಸಿರು ಬಣ್ಣದ್ದೇ.

ಬೆಳಿಗ್ಗೆ ಒಂಬತ್ತೂಕಾಲಿಗೆ ಫೋನು. "ಮೂರು ಚುಕ್ಕಿ ಒಳಗೆ ಇಲ್ಲ ಮಾರಾಯ! ಈಗ ಎಲ್ಲಿಗೆ ಹಾಕಿದ್ರು ಅದನ್ನು?"